ಒತ್ತಿದ ಎಂಟರ್ ಎಲ್ಲಿ ಹೋಯಿತು?

ಈ ತಿಂಗಳು ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ತಮಾಷೆ ಕಾಣಿಸಿತು. ಬರೆದವರು ಅಡಿಕೆ ಮಂಡಿಯವರು, ಕಚೇರಿಯ ಎಸ್‌ಡಿಎ, ಪ್ರೆಸ್ಸಿನವರು, ಕಾಲೇಜು ಹುಡುಗ. ಒಬ್ಬರಿಗೊಬ್ಬರು ಗುರುತಿಲ್ಲ. ಆದರೆ ಎಲ್ಲರನ್ನೂ ಕಾಡಿಸಿದ್ದು ಕೀಬೋರ್ಡಿನ ಒಂದೇ ಕೀ, ಎಂಟರ್. ಹಾಗಾಗಿ ವೈರಸ್ಸು, ಪಾಸ್‌ವರ್ಡು, ನಿಧಾನವಾದ ಲ್ಯಾಪ್‌ಟಾಪು, ಇವೆಲ್ಲ ಮುಂದಿನ ತಿಂಗಳಿಗೆ. ಕೋಡನ್ನು ಇದ್ದ ಹಾಗೆ ಅಚ್ಚು ಹಾಕಲು ಈ ಪುಟದಲ್ಲಿ ಜಾಗ ಇಲ್ಲ. ಬಾಯಲ್ಲಿ ಹೇಳುವ ಹಾಗೆ ಹೇಳುತ್ತೇನೆ, ನೀವು ಟೈಪ್ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ ಮಂಡಿ. ರೈತರ ವಿಳಾಸಗಳೆಲ್ಲ ಎಕ್ಸೆಲ್‌ನಲ್ಲಿದ್ದವು. ಒಂದೊಂದು ಸೆಲ್‌ನಲ್ಲೂ ಮೂರು ಸಾಲು, ಆಲ್ಟ್ ಹಿಡಿದು ಎಂಟರ್ ಒತ್ತಿ ಬರೆದದ್ದು. ನಾನೇ ಸಿ ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತು, ವಿಂಡೋಸ್ ಪರದೆ ಕಟ್ಟಿಕೊಡುವ ವಿನ್‌ಫಾರ್ಮ್ಸ್‌ನಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ಮಾಡಿದ್ದೇನೆ. ವಿಳಾಸವನ್ನು ಅದರ ಬರೆಯುವ ಡಬ್ಬಿಗೆ, ಅಂದರೆ ಟೆಕ್ಸ್ಟ್‌ಬಾಕ್ಸ್‌ಗೆ ತಂದರೆ ‘ಹುಲೇಕಲ್ ರಸ್ತೆಶಿರಸಿ’ ಅಂತ ಸಾಲುಗಳು ಅಂಟಿಕೊಂಡು ಬರುತ್ತವೆ. ಹಲವು ಸಾಲು ಹಿಡಿಯಲಿ ಅಂತ ಮಲ್ಟಿಲೈನ್ ಟ್ರೂ ಇಟ್ಟಿದ್ದೇನೆ. ಎಕ್ಸೆಲ್‌ನಲ್ಲಿ ನೋಡಿದರೆ ಎಲ್ಲಾ ಸರಿ ಇದೆ. ತಪ್ಪು ಎಲ್ಲಿ ಮೇಡಂ? (ಮಂಡಿ ಲೆಕ್ಕ ಬರೆಯುವ ಓದುಗರು, ಶಿರಸಿ)

ಉತ್ತರ: ತಪ್ಪು ನಿಮ್ಮದೂ ಅಲ್ಲ, ಎಕ್ಸೆಲ್‌ನದೂ ಅಲ್ಲ. ಇಬ್ಬರೂ ಬೇರೆ ಬೇರೆ ಭಾಷೆ ಆಡುತ್ತಿದ್ದೀರಿ, ಅಷ್ಟೇ.

1988ರಲ್ಲಿ ನಾನು ಸಾಗರದಲ್ಲಿ ಟೈಪಿಂಗ್ ಜೂನಿಯರ್ ಪರೀಕ್ಷೆಗೆ ಕಲಿಯುತ್ತಿದ್ದೆ. ಬಲಗಡೆ ಅಂಚು ಹತ್ತಿರ ಬಂತು ಅಂದರೆ ಮೆಷಿನ್ನು ‘ಟಿಣ್’ ಅನ್ನುತ್ತಿತ್ತು. ಆಗ ಎಡಗೈಯಿಂದ ಲಿವರ್ ತಳ್ಳಬೇಕು. ನಾನು ಜೋರಾಗಿ ತಳ್ಳಿದರೆ ಮೇಷ್ಟ್ರು, ‘ಬಸ್ಸಿನ ಗೇರ್ ಅಲ್ಲ ಕಣಮ್ಮಾ ಅದು’ ಅನ್ನುತ್ತಿದ್ದರು. ಆ ಒಂದು ತಳ್ಳಿನಲ್ಲಿ ಎರಡು ಕೆಲಸ ಆಗುತ್ತಿತ್ತು. ರೋಲರ್ ಒಂದು ಹಲ್ಲು ತಿರುಗಿ ಕಾಗದ ಮೇಲೆ ಏರುತ್ತಿತ್ತು. ಕ್ಯಾರಿಯೇಜ್ ಪೂರ್ತಿ ಸರಿದು ಸಾಲಿನ ಶುರುವಿಗೆ ಬರುತ್ತಿತ್ತು. ನಮಗೆ ಅದು ಒಂದೇ ಕೆಲಸ. ಮೆಷಿನ್ನಿಗೆ ಎರಡು.

ತಂತಿಯಲ್ಲಿ ಬಂದದ್ದನ್ನು ತಾನೇ ಟೈಪ್ ಮಾಡುವ ಟೆಲಿಪ್ರಿಂಟರ್ ಬಂದಾಗ ಈ ಎರಡು ಕೆಲಸಕ್ಕೆ ಎರಡು ಬೇರೆ ಸಂಕೇತ ಕೊಟ್ಟರು. ಮುಂದೆ ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿ ಬಂದಾಗ ಅವಕ್ಕೂ ನಂಬರ್ ಸಿಕ್ಕಿತು. ಶುರುವಿಗೆ ವಾಪಸ್ ಬಾ ಅನ್ನುವುದು 13, ಕ್ಯಾರಿಯೇಜ್ ರಿಟರ್ನ್. ಒಂದು ಸಾಲು ಕೆಳಗೆ ಹೋಗು ಅನ್ನುವುದು 10, ಲೈನ್ ಫೀಡ್. ಇವತ್ತಿಗೂ ಅವೇ ನಂಬರ್. ಆ ಕಾಲದ ಟೆಲಿಟೈಪ್ ಮಾಡೆಲ್ 33 ಅನ್ನುವ ಟೆಲಿಪ್ರಿಂಟರ್ ಒಂದು ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಅಚ್ಚು ಹೊಡೆಯುವ ತಲೆ ಬಲತುದಿಯಿಂದ ಎಡಕ್ಕೆ ಓಡಿ ಬರಲು ಒಂದು ಅಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಮೊದಲು 13, ಆಮೇಲೆ 10 ಕಳಿಸಿದರೆ ಅಷ್ಟರಲ್ಲಿ ತಲೆ ಮನೆ ಸೇರುತ್ತಿತ್ತು.

ಮೆಷಿನ್ನು ಹೋಯಿತು, ನಂಬರ್ ಉಳಿಯಿತು. ಉಳಿದ ಮೇಲೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ ಆಯಿತು. ಯುನಿಕ್ಸ್ ಆಪರೇಟಿಂಗ್ ಸಿಸ್ಟಂನವರು 10 ಒಂದೇ ಸಾಕು ಅಂದರು. ಹಳೆಯ ಮ್ಯಾಕ್‌ನವರು 13 ಒಂದೇ ಇಟ್ಟುಕೊಂಡರು, ಓಎಸ್ ಟೆನ್ ಬಂದಮೇಲೆ ಅವರೂ 10ಕ್ಕೆ ಬಂದರು. ಡಾಸ್ ಮತ್ತು ಅದರ ಮಗ ವಿಂಡೋಸ್ ಮಾತ್ರ ಜಂಟಿ ಕುಟುಂಬ, 13 ಮತ್ತು 10 ಎರಡೂ ಬೇಕು.

ಈಗ ನಿಮ್ಮ ಮಂಡಿಗೆ ಬರೋಣ. ಎಕ್ಸೆಲ್‌ನಲ್ಲಿ ಆಲ್ಟ್-ಎಂಟರ್ ಒತ್ತಿದರೆ ಸೆಲ್‌ನೊಳಗೆ ಕೂರುವುದು ಬರೀ 10. ವಿನ್‌ಫಾರ್ಮ್ಸ್ ಟೆಕ್ಸ್ಟ್‌ಬಾಕ್ಸ್‌ನ ಒಳಗೆ ಇರುವುದು ವಿಂಡೋಸ್‌ನ ಹಳೆಯ ಬರೆಯುವ ಡಬ್ಬಿ, ಎಡಿಟ್ ಕಂಟ್ರೋಲ್. ಅದಕ್ಕೆ 13, 10 ಜೋಡಿಯಾಗಿ ಬಂದರೆ ಮಾತ್ರ ಅದು ಸಾಲು. ಒಂಟಿ 10 ಬಂದರೆ ಕಣ್ಣೆತ್ತಿಯೂ ನೋಡುವುದಿಲ್ಲ. ರಸ್ತೆಗೂ ಶಿರಸಿಗೂ ನಡುವೆ ಆ 10 ಈಗಲೂ ಇದೆ, ಬಾಣದ ಕೀ ಒತ್ತಿಕೊಂಡು ನಿಧಾನಕ್ಕೆ ಹೋಗಿ ನೋಡಿ. ನೋಟ್‌ಪ್ಯಾಡ್ ಕೂಡ ಬಹಳ ವರ್ಷ ಹೀಗೇ ಇತ್ತು. ಯುನಿಕ್ಸ್ ಜಾತಿಯ ಲಿನಕ್ಸ್‌ನಿಂದ ಬಂದ ಫೈಲ್ ತೆರೆದರೆ ಒಂದೇ ಉದ್ದನೆಯ ಗೆರೆ. 2018ರಲ್ಲಿ ವಿಂಡೋಸ್ 10ರ 1809 ಆವೃತ್ತಿ ಬಂದಮೇಲೆ ಅದು ಸರಿಹೋಯಿತು. ನಿಮ್ಮ ಟೆಕ್ಸ್ಟ್‌ಬಾಕ್ಸ್‌ಗೆ ಮಾತ್ರ ಆ ಭಾಗ್ಯ ತಾನಾಗಿ ಬರುವುದಿಲ್ಲ.

ಪರಿಹಾರ ಸುಲಭ, ಆದರೆ ಕ್ರಮ ತಪ್ಪಬಾರದು. ‘10 ಇದ್ದಲ್ಲಿ 13-10 ಹಾಕು’ ಅಂತ ಒಂದೇ ರೀಪ್ಲೇಸ್ ಬರೆದು ಕೈತೊಳೆದುಕೊಳ್ಳಬೇಡಿ. ಕೆಲವು ವಿಳಾಸಗಳನ್ನು ನಿಮ್ಮ ಸಾಫ್ಟ್‌ವೇರ್‌ನಲ್ಲೇ ಟೈಪ್ ಮಾಡಿರುತ್ತೀರಿ. ಅವುಗಳಲ್ಲಿ ಆಗಲೇ 13-10 ಇರುತ್ತದೆ. ಅವು 13-13-10 ಆಗಿಬಿಡುತ್ತವೆ.

ಇದನ್ನು ನಾನು ಹೇಗೆ ಕಲಿತೆ ಅಂದರೆ, ನನ್ನ ಕೈಯಾರೆ ಕೆಡಿಸಿ ಕಲಿತೆ. 2003ರಲ್ಲಿ ಒಂದು ಸಹಕಾರ ಸಂಘಕ್ಕೆ ವಿಬಿ 6 (ವಿಷುಯಲ್ ಬೇಸಿಕ್) ಭಾಷೆಯಲ್ಲಿ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಪ್ರತಿ ಶನಿವಾರ ರಾತ್ರಿ ಒಂದು ಪ್ರೋಗ್ರಾಂ ಓಡಿ ಎಲ್ಲಾ ವಿಳಾಸಗಳ ಸಾಲುಗಳನ್ನು ‘ಸರಿ’ ಮಾಡುತ್ತಿತ್ತು. ಸರಿ ಇದ್ದದ್ದನ್ನೂ ಸರಿ ಮಾಡುತ್ತಿತ್ತು. ವಾರಕ್ಕೊಮ್ಮೆ ಸಾಲು ಮುರಿಯುವ ಪ್ರತಿ ಜಾಗದಲ್ಲಿ ಒಂದೊಂದು 13 ಜಾಸ್ತಿ. ಮೂರು ಸಾಲಿನ ವಿಳಾಸ ಅಂದರೆ ವಾರಕ್ಕೆ ಎರಡು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ವಿಳಾಸಕ್ಕೆ ಇಟ್ಟಿದ್ದ ಜಾಗ 100 ಅಕ್ಷರ, ಮೀರಿದ್ದನ್ನು ಅದೇ ಪ್ರೋಗ್ರಾಂ ಕತ್ತರಿಸುತ್ತಿತ್ತು. ಎರಡು ತಿಂಗಳು ಕಳೆದಮೇಲೆ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ‘ನೋಟಿಸೆಲ್ಲ ವಾಪಸ್ ಬರ್ತಾ ಇದೆ ಮೇಡಂ, ಊರಿನ ಹೆಸರು ಅರ್ಧಕ್ಕೇ ನಿಂತಿದೆ’ ಅಂದರು. ಬಾಲದಲ್ಲಿದ್ದ ಪಿನ್‌ಕೋಡು ಮೊದಲು ಉದುರಿತ್ತು, ಆಮೇಲೆ ತಾಲ್ಲೂಕು.

ಹಾಗಾಗಿ ಮೂರು ಹೆಜ್ಜೆ. ಮೊದಲು 13-10 ಜೋಡಿಯನ್ನೆಲ್ಲ ಬರೀ 10 ಮಾಡಿ. ಆಮೇಲೆ ಉಳಿದ ಒಂಟಿ 13 ಇದ್ದರೆ ಅದನ್ನೂ 10 ಮಾಡಿ. ಈಗ ಎಲ್ಲೆಡೆ ಒಂದೇ ಜಾತಿ. ಕೊನೆಗೆ ಟೆಕ್ಸ್ಟ್‌ಬಾಕ್ಸ್‌ಗೆ ಹಾಕುವಾಗ 10 ಇದ್ದಲ್ಲಿ ಎನ್ವಿರಾನ್‌ಮೆಂಟ್ ಡಾಟ್ ನ್ಯೂಲೈನ್ ಹಾಕಿ, ವಿಂಡೋಸ್‌ನಲ್ಲಿ ಅದೇ 13-10. ಟೆಕ್ಸ್ಟ್‌ಬಾಕ್ಸ್‌ನಿಂದ ವಾಪಸ್ ತೆಗೆಯುವಾಗ ಮತ್ತೆ ಮೊದಲ ಎರಡು ಹೆಜ್ಜೆ. ಡೇಟಾಬೇಸ್‌ನಲ್ಲಿ ಸದಾ ಬರೀ 10 ಇರಲಿ ಅನ್ನುವುದು ನನ್ನ ಹಟ. ಬೇರೆಯವರು 13-10 ಇಡಿ ಅನ್ನಬಹುದು, ಅದೂ ನಡೆಯುತ್ತದೆ. ಎರಡೂ ಬೆರೆಸಿ ಇಡುವುದು ಮಾತ್ರ ನಡೆಯುವುದಿಲ್ಲ. ನಮ್ಮ ಕಡೆ ಚಪ್ಪಲಿ ಜಗಲಿಯಲ್ಲೇ ಬಿಟ್ಟು ಒಳಗೆ ಬರುತ್ತೇವಲ್ಲ, ಹಾಗೆ. ಎಕ್ಸೆಲ್, ಕ್ಲಿಪ್‌ಬೋರ್ಡ್, ಟೆಕ್ಸ್ಟ್‌ಬಾಕ್ಸ್, ಎಲ್ಲಿಂದ ಬಂದರೂ ಬಾಗಿಲಲ್ಲೇ 13 ಕಳಚಲಿ.

ಕಣ್ಣಾರೆ ನೋಡಬೇಕು ಅನಿಸಿದರೆ ನಿಮ್ಮ ಒಂದು ವಿಳಾಸವನ್ನು ಫೈಲಿಗೆ ಬರೆಸಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಎಲ್ಲಾ ಅಕ್ಷರ ತೋರಿಸು ಅನ್ನುವ ಬಟನ್ ಒತ್ತಿ. ಸಾಲಿನ ತುದಿಯಲ್ಲಿ ಕಪ್ಪು ಚೌಕದಲ್ಲಿ ಸಿಆರ್, ಎಲ್‌ಎಫ್ ಅಂತ ಕಾಣುತ್ತದೆ. ಆ ಬಟನ್ ನನಗೆ 2003ರಲ್ಲಿ ಗೊತ್ತಿದ್ದರೆ ಸಂಘದ ಅಂಚೆ ಖರ್ಚು ಉಳಿಯುತ್ತಿತ್ತು.

ಪ್ರಶ್ನೆ: ನಾನು ಕಚೇರಿಯೊಂದರಲ್ಲಿ ಎಸ್‌ಡಿಎ. ಅರ್ಜಿ ನೋಡಿ ‘ಷರಾ’ ಬರೆಯುವ ಜಾಗ ನಮ್ಮ ಸಾಫ್ಟ್‌ವೇರ್‌ನಲ್ಲಿ ಇದೆ. ದೊಡ್ಡ ಡಬ್ಬಿಯೇ ಇದೆ. ಆದರೆ ಒಂದು ಸಾಲು ಬರೆದು ಎಂಟರ್ ಒತ್ತಿದ ತಕ್ಷಣ ಸೇವ್ ಆಗಿ ಅರ್ಜಿ ಮೇಲಿನವರಿಗೆ ಹೋಗಿಬಿಡುತ್ತದೆ. ಅರ್ಧ ಷರಾ ಹೋಗಿ ಎರಡು ಸಲ ಬೈಸಿಕೊಂಡಿದ್ದೇನೆ. ಏನು ಮಾಡಲಿ? (ಹೆಸರು, ಊರು ಬೇಡ ಎಂದವರು)

ಉತ್ತರ: ಇವತ್ತಿಗೆ ಬೇಕಾದ ಉಪಾಯ ಮೊದಲು. ಕಂಟ್ರೋಲ್ ಹಿಡಿದು ಎಂಟರ್ ಒತ್ತಿ ನೋಡಿ. ಅನೇಕ ವಿಂಡೋಸ್ ಸಾಫ್ಟ್‌ವೇರ್‌ಗಳಲ್ಲಿ ಹೊಸ ಸಾಲು ಬರುತ್ತದೆ, ಅರ್ಜಿ ಎಲ್ಲೂ ಹೋಗುವುದಿಲ್ಲ. ಅದೂ ಆಗದಿದ್ದರೆ ಷರಾವನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಕಾಪಿ ಮಾಡಿ ತಂದು ಪೇಸ್ಟ್ ಮಾಡಿ. ಪೇಸ್ಟ್ ಮಾಡಿದ ಸಾಲುಗಳು ಎಂಟರ್ ಒತ್ತಿದ ಹಾಗೆ ಲೆಕ್ಕಕ್ಕೆ ಬರುವುದಿಲ್ಲ.

ಕಾರಣ ಕೇಳಿ. ಪರದೆಯ ಮೇಲೆ ಒಂದು ಬಟನ್ನಿಗೆ ‘ಎಂಟರ್ ಒತ್ತಿದರೆ ನಿನ್ನನ್ನೇ ಒತ್ತಿದ ಹಾಗೆ’ ಅಂತ ಅಧಿಕಾರ ಕೊಡಬಹುದು. ವಿನ್‌ಫಾರ್ಮ್ಸ್‌ನಲ್ಲಿ ಅದಕ್ಕೆ ಅಕ್ಸೆಪ್ಟ್ ಬಟನ್ ಅನ್ನುತ್ತಾರೆ. ಟೆಕ್ಸ್ಟ್‌ಬಾಕ್ಸ್‌ಗೂ ಅಕ್ಸೆಪ್ಟ್ಸ್ ರಿಟರ್ನ್ ಅಂತ ಒಂದು ಗುಣ ಇದೆ, ಎಂಟರ್ ನನಗಿರಲಿ ಅಂತ ಹೇಳುವುದಕ್ಕೆ. ಅದು ಹುಟ್ಟುತ್ತಲೇ ಫಾಲ್ಸ್. ಡಬ್ಬಿ ದೊಡ್ಡದು ಮಾಡಿದವರು ಅದನ್ನು ಟ್ರೂ ಮಾಡಲು ಮರೆತಿದ್ದಾರೆ. ಅಷ್ಟೇ ಕೆಲಸ, ಒಂದು ಟಿಕ್ಕು. ಈ ಪುಟವನ್ನು ಹರಿದು ಅವರಿಗೆ ಕಳಿಸಿ, ಬೇಜಾರಿಲ್ಲ.

ಅವರು ಬುದ್ಧಿವಂತರಾಗಿ ವಾದ ಮಾಡಬಹುದು. ‘ವಾಟ್ಸಾಪ್‌ನಲ್ಲಿ ಎಂಟರ್ ಒತ್ತಿದರೆ ಮೆಸೇಜ್ ಹೋಗುತ್ತೆ ಅಲ್ವಾ, ಜನಕ್ಕೆ ಅದೇ ಅಭ್ಯಾಸ’ ಅಂತ. ಕಂಪ್ಯೂಟರ್‌ನ ವಾಟ್ಸಾಪ್‌ನಲ್ಲಿ ಹೌದು, ಹೊಸ ಸಾಲಿಗೆ ಶಿಫ್ಟ್-ಎಂಟರ್. ಆದರೆ ಅಲ್ಲಿ ಡಬ್ಬಿ ಒಂದೇ ಸಾಲಿನಷ್ಟು ಇರುತ್ತದೆ, ಹಾಗಾಗಿ ಎಂಟರ್ ಅಂದರೆ ಕಳಿಸು ಅನ್ನುವುದು ಅರ್ಥವಾಗುತ್ತದೆ. ಆರು ಸಾಲು ಹಿಡಿಯುವ ಡಬ್ಬಿ ಇಟ್ಟು ಎಂಟರ್ ಕಿತ್ತುಕೊಳ್ಳುವುದು ಎಲೆ ಹಾಕಿ ಊಟ ಬಡಿಸದ ಹಾಗೆ. ಅದರಲ್ಲೂ ವಾಪಸ್ ತರಲಾಗದ ಕೆಲಸವನ್ನು ಎಂಟರ್‌ಗೆ ಕಟ್ಟಲೇಬಾರದು.

ಇನ್ನೊಂದು ಮಾತನ್ನೂ ಅವರಿಗೆ ಹೇಳಿ. ಷರಾ ಖಾಲಿ ಬಿಡಬಾರದು ಅಂತ ತಪಾಸಣೆ ಇದ್ದರೆ, ಬರೀ ಎಂಟರ್ ಒತ್ತಿದ್ದನ್ನು ಅದು ಹಿಡಿಯುತ್ತದಾ ನೋಡಲಿ. ನಾನು ಅದೇ ಸಂಘದ ಸಾಫ್ಟ್‌ವೇರ್‌ನಲ್ಲಿ ‘ಸಾಲದ ಕಾರಣ’ ಕಡ್ಡಾಯ ಮಾಡಿದ್ದೆ. ಆಚೀಚೆಯ ಖಾಲಿ ಜಾಗ ಕತ್ತರಿಸುವ ವಿಬಿ 6ರ ಟ್ರಿಮ್ ಆಜ್ಞೆ ಬರೀ ಸ್ಪೇಸ್ ತೆಗೆಯುತ್ತದೆ, 13-10 ಮುಟ್ಟುವುದಿಲ್ಲ. ಕೌಂಟರಿನ ಹುಡುಗರು ಇದನ್ನು ಎರಡೇ ದಿನದಲ್ಲಿ ಕಂಡುಹಿಡಿದರು. ಕಾರಣದ ಜಾಗದಲ್ಲಿ ಒಂದು ಎಂಟರ್, ಮುಂದೆ ಸೇವ್. ಆಡಿಟ್‌ನವರು ಬಂದಾಗ ಕಾರಣದ ಕಾಲಂ ಬೆಳ್ಳಗೆ ಹೊಳೆಯುತ್ತಿತ್ತು. ಸಿ ಶಾರ್ಪ್‌ನಲ್ಲಿ ಟ್ರಿಮ್ ಸಾಲುಗಳನ್ನೂ ತೆಗೆಯುತ್ತದೆ. ಈಗಿನವರು ಪುಣ್ಯವಂತರು.

ಪ್ರಶ್ನೆ: ನಮ್ಮದು ಪ್ರೆಸ್. ಮದುವೆ ಕಾಗದ, ಬಿಲ್ ಬುಕ್ ಮಾಡುತ್ತೇವೆ. ಆರ್ಡರ್ ಬರೆದುಕೊಳ್ಳಲು ಅಣ್ಣನ ಮಗ ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದಾನೆ. ಗಿರಾಕಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಪರದೆಯಲ್ಲಿ ನಾಲ್ಕು ಸಾಲು ಚಂದ ಕಾಣುತ್ತದೆ. ಪ್ರಿಂಟ್ ತೆಗೆದರೆ ಒಂದೇ ಉದ್ದ ಸಾಲು, ಬಲಗಡೆ ಕಾಗದದ ಆಚೆ ಹೋಗುತ್ತದೆ. ಅವನಿಗೆ ಹೇಳಿದೆ. 40 ಅಕ್ಷರಕ್ಕೆ ಒಂದು ಸಾಲು ಅಂತ ಕತ್ತರಿಸುವ ಹಾಗೆ ಮಾಡಿದ. ಈಗ ಹೆಸರುಗಳೇ ಮುರಿಯುತ್ತಿವೆ, ಒಂದು ಕಡೆ ಸಾಲಿನ ಶುರುವಿನಲ್ಲಿ ಚುಕ್ಕಿ ಚುಕ್ಕಿಯ ವೃತ್ತ ಬಂದಿದೆ. (ಪ್ರೆಸ್ ನಡೆಸುವವರು, ಪುತ್ತೂರು)

ಉತ್ತರ: ನಿಮ್ಮ ಅಣ್ಣನ ಮಗನನ್ನು ಬೈಯಬೇಡಿ. ಈ ಗುಂಡಿಗೆ ಬೀಳದ ಪ್ರೋಗ್ರಾಮರ್ ಇಲ್ಲ.

ಪರದೆಯ ಮೇಲೆ ನೀವು ನೋಡಿದ ನಾಲ್ಕು ಸಾಲು ನೀವು ಬರೆದದ್ದಲ್ಲ, ಡಬ್ಬಿ ಮಡಿಸಿದ್ದು. ಸೀರೆ ಉದ್ದ ಇದೆ, ಕಪಾಟಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾರೆ. ಹೊರಗೆ ತೆಗೆದರೆ ಮತ್ತೆ ಒಂದೇ ಸೀರೆ. ಟೆಕ್ಸ್ಟ್‌ಬಾಕ್ಸ್‌ನಿಂದ ಪಠ್ಯ ಕೇಳಿದರೆ ಎಂಟರ್ ಒತ್ತಿದ ಜಾಗದಲ್ಲಿ ಮಾತ್ರ 13-10 ಸಿಗುತ್ತದೆ, ಮಡಿಕೆಯ ಜಾಗದಲ್ಲಿ ಏನೂ ಸಿಗುವುದಿಲ್ಲ. ಮಡಿಕೆಯನ್ನೂ ಬರೆದುಕೊಡು ಅಂತ ಎಡಿಟ್ ಕಂಟ್ರೋಲ್‌ಗೆ ಕೇಳುವ ದಾರಿ ಒಂದಿದೆ. ಕೇಳಿದರೆ ಮಡಿಕೆಗೆ ಗುರುತಾಗಿ ಅದು ಇಡುವುದು 13-13-10, ಶಿರಸಿಯವರಿಗೆ ಹೇಳಿದ ಅದೇ ಭೂತ. ಆ ದಾರಿ ಬೇಡ. ಡಬ್ಬಿಯ ಅಗಲಕ್ಕೂ ಕಾಗದದ ಅಗಲಕ್ಕೂ ಏನು ಸಂಬಂಧ? ಕಾಗದಕ್ಕೆ ಬೇರೆಯೇ ಮಡಿಕೆ ಬೇಕು.

ಆ ಮಡಿಕೆಯನ್ನು ಅಕ್ಷರ ಎಣಿಸಿ ಮಾಡಹೋದದ್ದೇ ಈಗಿನ ಕಷ್ಟ. ಕೃಷ್ಣಮೂರ್ತಿ ಅನ್ನುವ ಹೆಸರು ತೆಗೆದುಕೊಳ್ಳಿ. ನಾವು ಎಣಿಸಿದರೆ ನಾಲ್ಕು: ಕೃ, ಷ್ಣ, ಮೂ, ರ್ತಿ. ಕಂಪ್ಯೂಟರ್ ಎಣಿಸಿದರೆ ಹನ್ನೊಂದು. ಕ, ಅದರ ವಟ್ರಸುಳಿ, ಷ, ಹಲಂತದ ಗುರುತು, ಣ, ಮ, ಊಕಾರದ ಗುರುತು, ರ, ಮತ್ತೆ ಹಲಂತ, ತ, ಕೊನೆಗೆ ಇಕಾರದ ಗುಡಿಸು. ಎಲ್ಲ ಭಾಷೆಗಳ ಅಕ್ಷರಕ್ಕೆ ನಂಬರ್ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಇವೆಲ್ಲ ಬೇರೆ ಬೇರೆ ತುಂಡು. ಈಗ ನಿಮ್ಮ 40ನೇ ಅಕ್ಷರ ಈ ಹೆಸರಿನ ಒಂಬತ್ತನೇ ತುಂಡಿಗೆ ಬಂತು ಅನ್ನಿ. ಮೇಲಿನ ಸಾಲಲ್ಲಿ ‘ಕೃಷ್ಣಮೂರ್’, ಕೆಳಗಿನ ಸಾಲಲ್ಲಿ ‘ತಿ’. ಹತ್ತನೇ ತುಂಡಿಗೆ ಬಂದರೆ ಇನ್ನೂ ಚಂದ. ಮೇಲೆ ‘ಕೃಷ್ಣಮೂರ್ತ’, ಕೆಳಗೆ ಬರೀ ಗುಡಿಸು. ಗುಡಿಸಿಗೆ ಕೂರಲು ಅಕ್ಷರವೇ ಇಲ್ಲ. ಅದಕ್ಕೇ ಕಂಪ್ಯೂಟರ್ ಒಂದು ಚುಕ್ಕಿ ವೃತ್ತ ಬರೆದು ಅದರ ಮೇಲೆ ಗುಡಿಸು ಕೂರಿಸುತ್ತದೆ. ನಿಮಗೆ ಬಂದದ್ದು ಅದೇ ವೃತ್ತ. ಮದುವೆ ಕಾಗದದಲ್ಲಿ ವರನ ಹೆಸರು ಹೀಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ನೆನೆದು ನಾನು ಒಬ್ಬಳೇ ನಕ್ಕೆ, ಕ್ಷಮಿಸಿ.

ಆ 40ರ ಕತ್ತರಿಯನ್ನು ಪೂರ್ತಿ ತೆಗೆದುಹಾಕಲು ಹೇಳಿ. ಪ್ರಿಂಟ್ ಮಾಡುವಾಗ ಅಕ್ಷರ ಬರೆಯುವ ಆಜ್ಞೆಯಾದ ಡ್ರಾ ಸ್ಟ್ರಿಂಗ್‌ಗೆ ಬರೀ ಎಕ್ಸ್, ವೈ ಕೊಡುವ ಬದಲು ಒಂದು ಚೌಕ ಕೊಡಲಿ, ಕಾಗದದ ಅಂಚು ಬಿಟ್ಟು ಉಳಿದ ಅಗಲದ್ದು. ಆಗ ವಿಂಡೋಸ್ ತಾನೇ ಫಾಂಟ್ ಅಳೆದು, ಪದಗಳ ನಡುವಿನ ಜಾಗದಲ್ಲಿ ಮಡಿಸುತ್ತದೆ. ಎಣಿಕೆಯ ಗೊಡವೆಯೇ ಇಲ್ಲ. ಕನ್ನಡದಲ್ಲಿ ‘ಮಾಡಿಕೊಳ್ಳಬೇಕಾಗಿದ್ದುದರಿಂದ’ ತರಹದ ಉದ್ದ ಪದ ಬಂದರೆ ಆ ಸಾಲಿನ ಬಲಗಡೆ ಸ್ವಲ್ಪ ಖಾಲಿ ಕಾಣಬಹುದು. ಕಾಣಲಿ ಬಿಡಿ.

ನಿಮ್ಮ ಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ದೂರು ಇತ್ತು. ಪರದೆಯ ಮೇಲಿನ ಲೇಬಲ್‌ಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ, ಎರಡನೇ ಸಾಲು ಕಾಣುವುದೇ ಇಲ್ಲ ಅಂತ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟ ಎತ್ತರ ಅದು. ಇಂಗ್ಲಿಷ್‌ಗೆ ಒಂದು ಅಂತಸ್ತು ಸಾಕು, ನಮ್ಮ ‘ರಾಷ್ಟ್ರ’ಕ್ಕೆ ನೆಲಮಾಳಿಗೆಯೂ ಬೇಕು. ಲೇಬಲ್‌ನ ಆಟೋಸೈಜ್ ಟ್ರೂ ಮಾಡಿ, ಮ್ಯಾಕ್ಸಿಮಮ್ ಸೈಜ್‌ನಲ್ಲಿ ಅಗಲ ಎಷ್ಟು ಬೇಕೋ ಅಷ್ಟು, ಎತ್ತರ ಸೊನ್ನೆ ಇಡಲಿ. ಎತ್ತರ ಸೊನ್ನೆ ಅಂದರೆ ಮಿತಿ ಇಲ್ಲ ಅಂತ ಅರ್ಥ. ಅಗಲ ಮುಗಿದ ಕೂಡಲೇ ಲೇಬಲ್ ಮಡಿಸಿಕೊಂಡು ಕೆಳಗೆ ಬೆಳೆಯುತ್ತದೆ. ಪರೀಕ್ಷೆಗೆ ‘ಅಆಇಈ’ ಬರೆದು ನೋಡಬೇಡಿ. ‘ರಾಷ್ಟ್ರೀಯ ಸ್ತ್ರೀ’ ಅಂತ ಎರಡು ಸಾಲು ತುಂಬ ಬರೆದು ನೋಡಿ, ಅದು ಪಾಸಾದರೆ ಎಲ್ಲವೂ ಪಾಸು.

ಇಷ್ಟೆಲ್ಲ ಆದಮೇಲೂ ಇಂಗ್ಲಿಷ್ ಬಿಲ್ಲಿನಲ್ಲಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬರುತ್ತಿದ್ದರೆ ಪ್ರೋಗ್ರಾಂ ಮುಟ್ಟಬೇಡಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಸೆಟ್ಟಿಂಗ್ ನೋಡಿ. ಆಟೋ ಲೈನ್ ಫೀಡ್ ಆನ್ ಇದ್ದರೆ ಪ್ರಿಂಟರ್ 13 ಕಂಡ ಕೂಡಲೇ ತಾನೇ ಒಂದು 10 ಸೇರಿಸುತ್ತದೆ. ನಿಮ್ಮದೊಂದು, ಅದರದೊಂದು. ಹಳೆಯ ಪ್ರಿಂಟರ್‌ಗಳಲ್ಲಿ ಅದು ಕಡ್ಡಿಪೆಟ್ಟಿಗೆಯ ಕಡ್ಡಿ ತುದಿಯಿಂದ ಒತ್ತುವಷ್ಟು ಚಿಕ್ಕ ಸ್ವಿಚ್ಚು. ಒಂದು ಅಂಗಡಿಯಲ್ಲಿ ಎರಡು ದಿನ ನನ್ನ ಕೋಡನ್ನೇ ಬೈದುಕೊಂಡು ಕೂತಿದ್ದೆ. ಕೊನೆಗೆ ಧೂಳು ಒರೆಸಲು ಬಂದ ಹುಡುಗ, ‘ಅಕ್ಕಾ, ಮೊನ್ನೆ ಒರೆಸುವಾಗ ಇದು ಅಲ್ಲಾಡಿತ್ತು’ ಅಂತ ತೋರಿಸಿದ.

ಪ್ರಶ್ನೆ: ಟೆಕ್ಸ್ಟ್‌ಬಾಕ್ಸ್ ಬದಲು ರಿಚ್‌ಟೆಕ್ಸ್ಟ್‌ಬಾಕ್ಸ್ ಹಾಕಿದೆ, ಹುಡುಕಿದ ಪದಕ್ಕೆ ಹಳದಿ ಬಣ್ಣ ಕೊಡಲು. ಮೊದಲ ಸಾಲಿನಲ್ಲಿ ಬಣ್ಣ ಸರಿಯಾಗಿ ಕೂರುತ್ತದೆ. ಕೆಳಗೆ ಹೋದಂತೆ ಬಲಕ್ಕೆ ಜಾರುತ್ತದೆ. (ಓದುಗರು, ಮೈಸೂರು)

ಉತ್ತರ: ಎಷ್ಟು ಜಾರುತ್ತದೆ ಅಂತ ಎಣಿಸಿದಿರಾ? ಎಣಿಸಿ. ಎರಡನೇ ಸಾಲಲ್ಲಿ ಒಂದು, ಮೂರನೇ ಸಾಲಲ್ಲಿ ಎರಡು, ಹತ್ತನೇ ಸಾಲಲ್ಲಿ ಒಂಬತ್ತು ಇರಬೇಕು. ದಾಟಿಬಂದ ಪ್ರತಿ ಸಾಲಿಗೆ ಒಂದು. ಅಂದರೆ ನೀವು ಹುಡುಕುತ್ತಿರುವುದು ಫೈಲಿನಿಂದ ಓದಿಟ್ಟುಕೊಂಡ ಮೂಲ ಪಠ್ಯದಲ್ಲಿ, ಬಣ್ಣ ಹಚ್ಚುತ್ತಿರುವುದು ಡಬ್ಬಿಯಲ್ಲಿ. ಮೂಲದಲ್ಲಿ ಸಾಲಿಗೆ 13-10 ಎರಡು. ರಿಚ್‌ಟೆಕ್ಸ್ಟ್‌ಬಾಕ್ಸ್‌ಗೆ ನೀವು ಎರಡು ಕೊಟ್ಟರೂ ಅದು ಒಂದನ್ನೇ ಇಟ್ಟುಕೊಳ್ಳುತ್ತದೆ. ಟೆಕ್ಸ್ಟ್ ಕೇಳಿದರೆ ಬರೀ 10 ಕೊಡುತ್ತದೆ. ಹಾಗಾಗಿ ಹುಡುಕುವುದನ್ನೂ ರಿಚ್‌ಟೆಕ್ಸ್ಟ್‌ಬಾಕ್ಸ್‌ನ ಟೆಕ್ಸ್ಟ್‌ನಲ್ಲೇ ಮಾಡಿ. ಜಾರುವುದು ನಿಲ್ಲುತ್ತದೆ. ಸಾಲಿನ ಸಂಖ್ಯೆ ಗುಣಿಸಿ ಕಳೆಯುವ ಲೆಕ್ಕ ಹಾಕಿ ತೇಪೆ ಹಚ್ಚಬೇಡಿ. ನಾನು ಹಚ್ಚಿದ್ದೆ, ಒಂಟಿ 10 ಇದ್ದ ಫೈಲ್ ಬಂದ ದಿನ ಬಣ್ಣ ಎಡಕ್ಕೆ ಜಾರತೊಡಗಿತು.

ಪ್ರಶ್ನೆ: ಪೈಥಾನ್ ಭಾಷೆಯ, ಪರದೆ ಕಟ್ಟುವ ಟಿಕಿಂಟರ್‌ನಲ್ಲಿ ಕ್ವಿಜ್ ಮಾಡುತ್ತಿದ್ದೇನೆ. ಟೆಕ್ಸ್ಟ್ ವಿಜೆಟ್ ಅನ್ನುವ ಡಬ್ಬಿಯಲ್ಲಿ ಸರಿಯುತ್ತರ ಬರೆದರೂ ತಪ್ಪು ಅನ್ನುತ್ತದೆ. ಪ್ರಿಂಟ್ ಮಾಡಿ ನೋಡಿದರೆ ಎರಡೂ ಒಂದೇ. (ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಒಂದೇ ಅಲ್ಲಪ್ಪ, ಕೊನೆಯಲ್ಲಿ ಒಂದು 10 ಇದೆ. ಟಿಕಿಂಟರ್‌ನ ಟೆಕ್ಸ್ಟ್ ವಿಜೆಟ್ ಯಾವಾಗಲೂ ತುದಿಗೆ ತನ್ನದೊಂದು ಹೊಸ ಸಾಲು ಇಟ್ಟುಕೊಂಡಿರುತ್ತದೆ, ನೀನು ಎಂಟರ್ ಒತ್ತದಿದ್ದರೂ. ನೀನು ಗೆಟ್‌ನಲ್ಲಿ ‘1.0’ರಿಂದ ‘ಎಂಡ್’ ತನಕ ಅಂತ ಕೇಳಿರುತ್ತೀಯ. ಎಂಡ್ ಬದಲು ‘ಎಂಡ್ ಮೈನಸ್ 1 ಸಿ’ ಅಂತ ಬರೆ, ಸಿ ಅಂದರೆ ಕ್ಯಾರೆಕ್ಟರ್. ನಡುವೆ ಜಾಗ ಬಿಡದೆ ಬರೆದರೂ ಆಗುತ್ತದೆ. ಅನುಮಾನ ಬಂದಾಗ ಸುಮ್ನೆ ಪ್ರಿಂಟ್ ಮಾಡಬೇಡ, ಕಾಣದ ಗುರುತನ್ನೂ ತೋರಿಸುವ ರೆಪ್ರ್‌ ಒಳಗೆ ಹಾಕಿ ಪ್ರಿಂಟ್ ಮಾಡು. ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲ್ಯಾಶ್ ಎನ್ ಬಾಲ ಅಲ್ಲಾಡಿಸುತ್ತಾ ಕೂತಿರುತ್ತದೆ. ಮತ್ತೆ, ಒಂದೇ ಪದದ ಉತ್ತರಕ್ಕೆ ಟೆಕ್ಸ್ಟ್ ಯಾಕೆ? ಎಂಟ್ರಿ ವಿಜೆಟ್ ಹಾಕು, ಅದರಲ್ಲಿ ಎರಡನೇ ಸಾಲೇ ಇಲ್ಲ.